ಖಮೈಸನ ಚಾನೆಲ್

ನಜೀಹಾ ಮಾಳಿಗೆಯ ಮೆಟ್ಟಿಲಿಗೆ ಅಡ್ಡವಾಗಿ ಕೂತುಬಿಟ್ಟಳು. ಕಟಿಂಗ್ ಪ್ಲೇಯರ್ ಹಿಡಿದು ಹತ್ತಿಬಂದ ಮೈದುನ ಮೊಂಜಿ ಎರಡು ಮೆಟ್ಟಿಲು ಕೆಳಗೇ ನಿಂತ.

"ದಾರಿ ಬಿಡಿ ಅತ್ತಿಗೆ. ಮೇಲಿರೋದು ಲೈಸೆನ್ಸಿಲ್ಲದ ಟಿವಿ ಸ್ಟೇಷನ್ನು. ಇವತ್ತು ಊರೆಲ್ಲ ಸೇರುತ್ತೆ, ಪೊಲೀಸಿನವರೂ ಬರ್ತಾರೆ."

"ಬರಲಿ. ಅವರ ಮನೆಗಳಿಗೆ ಡಿಶ್ ಕೂರಿಸಿದ್ದೂ ನಿಮ್ಮಣ್ಣನೇ. ಕಾಫಿ ಕುಡಿದು ಹೋಗ್ತಾರೆ."

"ಇದನ್ನ ಕಡಲಿಗೆ ಎಸೀತೀನಿ ಅಂತ ನೀವೇ ಅಂತಿದ್ರಲ್ಲ?"

"ಅಂತಿದ್ದೆ. ಅವರ ಹತ್ರ ಅನ್ನೋಕೆ ನಂಗೆ ಹಕ್ಕಿತ್ತು. ನಿಂಗೇನಿದೆ? ಅವರಿನ್ನೂ ಮನೇಲೇ ಮಲಗಿದಾರೆ. ಕೆಳಗಿಳಿ."

ಮೊಂಜಿ ಇಳಿದ. ಒಳಗೆ ಅವಳ ಗಂಡ ಖಮೈಸನಿಗೆ ಕೊನೆಯ ಸ್ನಾನ ಮಾಡಿಸಿ ಬಿಳಿ ಬಟ್ಟೆ ಸುತ್ತಿ ಆಗಿತ್ತು. ನಿನ್ನೆ ಎದೆ ಹಿಡಿದುಕೊಂಡು ಬಾಗಿಲಲ್ಲಿ ಕೂತವನು ಮತ್ತೆ ಏಳಲಿಲ್ಲ. ಇಳಿಹೊತ್ತಿನ ಅಸರ್ ನಮಾಜಿನ ವೇಳೆಗೆ ಗಂಡಸರು ಹೆಗಲು ಕೊಟ್ಟು ಅವನನ್ನು ಹೊತ್ತೊಯ್ದರು. ಹೆಂಗಸರು ಮನೆಯಲ್ಲೇ ಉಳಿದರು.

*

ಇಟಲಿಯ ಎದುರು ದಡದ ಆ ಮೀನುಗಾರರ ಊರಿನಲ್ಲಿ ಖಮೈಸ್ ಕೂರಿಸಿದ ಡಿಶ್ ಇಲ್ಲದ ಮಾಳಿಗೆ ಇರಲಿಲ್ಲ. ಅವನ ಒಬ್ಬನೇ ಮಗ ವಜ್ದಿ, ಬೀದಿಯ ಆರು ಹುಡುಗರ ಜೊತೆ ಒಂದು ಬೆಳಗಿನ ಜಾವ ದೋಣಿ ಹತ್ತಿ ಇಟಲಿಯ ಕಡೆ ಹೋದ. ದೋಣಿ ಮುಟ್ಟಿದ ಸುದ್ದಿ ಬರಲಿಲ್ಲ. ಮುಳುಗಿದ ಸುದ್ದಿಯೂ ಬರಲಿಲ್ಲ.

ಬೇಸಿಗೆಯಲ್ಲಿ ಕಡಲು ಅಲುಗದೆ ಕಾದು ಬಿದ್ದಾಗ ಇಟಲಿಯ ಚಾನೆಲ್‌ಗಳು ನೀರು ದಾಟಿ ಬಂದು ಇಲ್ಲಿನ ಟಿವಿಗಳಲ್ಲಿ ತಾವಾಗಿ ಕಾಣಿಸಿಕೊಳ್ಳುತ್ತಿದ್ದವು. ಹುಡುಗನಾಗಿದ್ದಾಗ ಖಮೈಸ್ ಅವರ ಭಾಷೆ ಕಲಿತದ್ದೂ ಹಾಗೆಯೇ.

"ಅವರ ಚಿತ್ರ ನಮ್ಮನೆಗೆ ಬರುತ್ತೆ ಅಂದ್ರೆ ನಮ್ಮದು ಅವರ ಮನೆಗೆ ಹೋಗಲ್ವಾ?" ಎಂದ, ಮಗ ಹೋದ ಮೇಲೊಂದು ದಿನ.

ಸಾಬೂನಿನ ಬಿಲ್ಲೆಯಷ್ಟು ದೊಡ್ಡ ಪೆಟ್ಟಿಗೆಯೊಂದನ್ನು ತರಿಸಿ ಹಳೆಯ ಕಂಪ್ಯೂಟರಿಗೆ ಜೋಡಿಸಿದ. ಹಿಂದೆ ಒಂದು ಕಟ್ಟಡದ ತುಂಬ ಯಂತ್ರಗಳು ಮಾಡುತ್ತಿದ್ದ ಕೆಲಸವನ್ನು ಈಗ ಕಂಪ್ಯೂಟರಿನೊಳಗಿನ ಪ್ರೋಗ್ರಾಮೇ ಮಾಡುತ್ತಿತ್ತು. ಚಿತ್ರವನ್ನು ಅದು ಟಿವಿಗೆ ತಿಳಿಯುವ ಅಲೆಯಾಗಿಸಿ ಪೆಟ್ಟಿಗೆಗೆ ಕೊಡುತ್ತಿತ್ತು. ಮಾಳಿಗೆಯ ಆಂಟೆನಾ ಅದನ್ನು ಉತ್ತರದ ಕಡೆಗೆ, ಕಡಲಿನ ಮೇಲೆ ಬಿಡುತ್ತಿತ್ತು. ಏಳು ಹುಡುಗರ ಫೋಟೋ ಒಂದಾದ ಮೇಲೊಂದು. ಕೆಳಗೆ ಹೆಸರು, ಖಮೈಸನ ಫೋನ್ ನಂಬರು, ಇಟಾಲಿಯನ್ನಿನಲ್ಲಿ ಒಂದು ಸಾಲು: ಇವನನ್ನು ಕಂಡಿರಾ?

ಪ್ರತಿ ಸಂಜೆ ಆ ಹುಡುಗರ ತಾಯಂದಿರು ಬಂದು ನಡುಮನೆಯ ಟಿವಿ ಮುಂದೆ ಕೂರುತ್ತಿದ್ದರು. ತಮ್ಮ ತಮ್ಮ ಮಗ ಬರುವವರೆಗೆ ಕಾಯುತ್ತಿದ್ದರು.

*

ಎರಡು ಬೇಸಿಗೆಯ ಹಿಂದೆ ಒಂದು ಮಧ್ಯಾಹ್ನ ಸಿಸಿಲಿಯಿಂದ ಫೋನ್ ಬಂತು. "ನೋಡಿದಾನಂತೆ ನಜೀಹಾ! ಮುಖಗಳು ಕಂಡಿವೆಯಂತೆ!" ಎಂದು ಕೂಗಿದ ಖಮೈಸ್ ಮಿಕ್ಕದ್ದನ್ನೂ ಕೇಳಿಸಿಕೊಂಡ. ಫೋನ್ ಇಟ್ಟ.

"ಏನಂತೆ? ಹೇಳಿ!"

"ದೂರದ ಸ್ಟೇಷನ್ ಹಿಡಿಯೋದು ಅವನ ಹವ್ಯಾಸವಂತೆ. ಇಷ್ಟು ದೂರದಿಂದ ಇಷ್ಟು ಚೆನ್ನಾಗಿ ಯಾವತ್ತೂ ಸಿಕ್ಕಿರಲಿಲ್ಲವಂತೆ. ಅಭಿನಂದನೆ ಅಂದ."

"ಹುಡುಗರು?"

ಖಮೈಸ್ ನೆಲ ನೋಡಿದ. "ಯಾರಿವರು, ಹಾಡುಗಾರರಾ ಅಂತ ಕೇಳಿದ."

ತಾಯಂದಿರಿಗೆ ಮಾತ್ರ ಅವನು, "ಚಿತ್ರ ಮುಟ್ಟುತ್ತಿದೆ, ಅಲ್ಲಿಂದ ಫೋನ್ ಬಂದಿತ್ತು" ಎಂದಷ್ಟೇ ಹೇಳಿದ. ಅಂದಿನಿಂದ ನಜೀಹಾ ಸಂಜೆ ಅವರು ಬರುವ ಹೊತ್ತಿಗೆ ಅಡುಗೆಮನೆ ಸೇರಿ ಬಾಗಿಲು ಹಾಕಿಕೊಳ್ಳುತ್ತಿದ್ದಳು.

*

ಗಂಡಸರು ಹೋದ ಮೇಲೆ ಆ ಏಳು ಹುಡುಗರಲ್ಲೊಬ್ಬನಾದ ಅನೀಸನ ತಾಯಿ ದಲಿಂದಾ ಹತ್ತಿರ ಸರಿದು ಕೂತಳು.

"ನಜೀಹಕ್ಕಾ... ಸಂಜೆ ಹಾಕ್ತೀಯಾ?"

"ಸತ್ತ ಮನೇಲಿ ಟಿವಿಯೇನೇ? ನಾಚಿಕೆ ಬೇಡ್ವಾ?" ಎಂದು ಮುದುಕಿಯೊಬ್ಬಳು ಗದರಿದಳು.

"ಹಾಕದೆ ಇದ್ದ ದಿನವೇ ಯಾರಾದ್ರೂ ನೋಡೋರಿದ್ರೆ?" ದಲಿಂದಾ ಕೇಳಿದಳು.

ಯಾರೂ ನೋಡುವುದಿಲ್ಲ ಎನ್ನಬೇಕೆಂದು ನಜೀಹಾ ಬಾಯಿ ತೆರೆದಳು. ಉಳಿದ ತಾಯಂದಿರೂ ತನ್ನ ಬಾಯನ್ನೇ ನೋಡುತ್ತಿರುವುದು ಕಂಡು ಎದ್ದು ಮಾಳಿಗೆ ಹತ್ತಿದಳು. ಸ್ವಿಚ್ ಒತ್ತಿದಳು. ಮಿಕ್ಕದ್ದನ್ನು ಕಂಪ್ಯೂಟರು ತಾನೇ ಮಾಡಿಕೊಂಡಿತು. ಕೆಳಗೆ ಬಂದು, ಎರಡು ವರ್ಷಗಳಲ್ಲಿ ಮೊದಲ ಸಲ ಟಿವಿಯ ಮುಂದೆ ಕೂತಳು.

ಒಬ್ಬೊಬ್ಬನೇ ಬಂದ. ಟೋಪಿ ಹಾಕಿಕೊಂಡವನು, ಮದುವೆಯೊಂದರಲ್ಲಿ ನಗುತ್ತಿದ್ದವನು, ಅನೀಸ್. ಆರನೆಯವನಾದ ಮೇಲೆ ಮತ್ತೆ ಮೊದಲಿನವನೇ ಬಂದ. ಕಣ್ಣು ತಪ್ಪಿತೇನೋ ಎಂದುಕೊಂಡು ನಜೀಹಾ ಇನ್ನೊಂದು ಸುತ್ತು ನೋಡಿದಳು.

"ವಜ್ದಿ ಎಲ್ಲೇ?"

ದಲಿಂದಾ ತಲೆ ತಗ್ಗಿಸಿಕೊಂಡೇ ಹೇಳಿದಳು:

"ಹೋದ ರಂಜಾನಿನಲ್ಲೇ ಭಾವ ತೆಗೆದ್ರು ಅಕ್ಕಾ. ನನ್ನ ಮಗನದು ಸಾಕು, ಅವನ ಪಾಲಿನ ಹೊತ್ತು ನಿಮ್ಮ ಮಕ್ಕಳಿಗಿರಲಿ ಅಂದ್ರು. ನಿಂಗೆ ಹೇಳಕೂಡದು ಅಂತ ಆಣೆ ಹಾಕಿಸಿಕೊಂಡ್ರು."

ಹೋದ ರಂಜಾನ್. ಉಪವಾಸ ಬಿಡುವ ಹೊತ್ತು. ಸೂಪಿನ ಬಟ್ಟಲನ್ನು ಕುಕ್ಕಿ ತಾನೇ ಅಂದಿದ್ದಳು: "ನಿಮ್ಮ ಮಗ ಮೀನಿನ ಪಾಲಾದ. ಇನ್ನಾದ್ರೂ ಒಪ್ಪಿಕೊಳ್ಳಿ." ಅವನು ಎದ್ದು ಮಾಳಿಗೆ ಹತ್ತಿದ್ದ. ಇಳಿದು ಬಂದವನು, ಸೂಪು ತಣ್ಣಗಾಗಿದೆ, ಸ್ವಲ್ಪ ಬಿಸಿ ಮಾಡು ಎಂದಿದ್ದ, ಅಷ್ಟೇ. ಆಮೇಲೂ ಸಂಜೆ ಸಂಜೆ ಅವನು ಮಾಳಿಗೆ ಹತ್ತುವಾಗ ಅವಳು ಬೆನ್ನಿಗೆ ಹುಚ್ಚ ಎನ್ನುತ್ತಲೇ ಇದ್ದಳು.

ಹೊರಗೆ ಚಪ್ಪಲಿ ಬಿಡುವ ಸದ್ದಾಯಿತು. ಮಣ್ಣು ಮಾಡಿದವರು ಮರಳಿದ್ದರು. ನಜೀಹಾ ಏಳಲಿಲ್ಲ.

ಪರದೆಯ ಮೇಲೆ ಮತ್ತೆ ಅನೀಸ್ ಬಂದ. ದಲಿಂದಾ ಮೊಣಕಾಲೂರಿ ಮುಂದೆ ಸರಿದು, ಶಾಲಿನ ಸೆರಗಿನಿಂದ ಅವನ ಮುಖದ ಮೇಲಿನ ಧೂಳು ಒರೆಸಿದಳು. ಒರೆಸುತ್ತಿದ್ದಂತೆ ಅವನು ಹೋಗಿ ಪಕ್ಕದ ಮನೆಯವಳ ಮಗ ಬಂದ. ದಲಿಂದಾ ಕೈ ತೆಗೆಯಲಿಲ್ಲ. ಅವನನ್ನೂ ಒರೆಸಿದಳು.