ಅಲುಗಿದ ಹೆಬ್ಬಾತು

ಬೆಟಗೇರಿಯ ಪ್ರಲ್ಹಾದ ಮಗ್ಗ ಬಿಟ್ಟ ಮೇಲೆ ಹಕ್ಕಿಗಳ ಫೋಟೋ ತೆಗೆಯುವ ಹುಚ್ಚು ಹಚ್ಚಿಕೊಂಡಿದ್ದ. ಚಳಿಗಾಲ ಬಂತೆಂದರೆ ಗೆಳೆಯ ಖಾಸಿಂಸಾಬನನ್ನು ಕರೆದುಕೊಂಡು ಬಸ್ಸು ಹತ್ತಿ, ಹೆಬ್ಬಾತುಗಳು ಬಂದಿಳಿಯುವ ಮಾಗಡಿ ಕೆರೆಗೆ ಹೋಗುತ್ತಿದ್ದ. ಪ್ರಲ್ಹಾದ ನೇಯುತ್ತಿದ್ದ ನೂಲಿಗೆಲ್ಲ ಬಣ್ಣ ಹಾಕಿದವನು ಖಾಸಿಂಸಾಬ. ಈಗ ಕಣ್ಣಿನ ಒತ್ತಡ ಹೆಚ್ಚಾಗಿ ಅವನ ನೋಟ ಕುಂದುತ್ತಿತ್ತು. ಔಷಧದ ಹನಿ ಬಿಡುವುದು ತಪ್ಪಿದರೆ ಇದ್ದದ್ದೂ ಹೋಗುತ್ತದೆಂದು ಡಾಕ್ಟರು ಎಚ್ಚರಿಸಿದ್ದರು.

“ಹೆಬ್ಬಾತಿನ ತಲಿ ಮ್ಯಾಲ ಕರೀ ಪಟ್ಟಿ ಇರ್ತಾವಂತಲ್ಲೋ. ನನಗ ಬರೇ ಬಿಳಿ ಚುಕ್ಕಿ ಕಾಣ್ತಾವ,” ಎಂದ ಖಾಸಿಂಸಾಬ ಒಂದು ದಿನ.

“ದೊಡ್ಡ ಲೆನ್ಸ್ ತರ್ತೀನಿ ತಡಿ. ಮೂಗಿನ ಮುಂದ ಹಿಡದು ತೋರಸ್ತೀನಿ.”

ಗದಗಿನ ಕ್ಯಾಮೆರಾ ಅಂಗಡಿಗೆ ಮಗಳು ಕಲ್ಪನಾಳೂ ಜೊತೆಗೆ ಬಂದಳು. ಅಂಗಡಿಯ ವೀರು ಎರಡು ಲೆನ್ಸ್ ಮುಂದಿಟ್ಟ. “ಇದು ಆರನೂರು ಎಂಎಂ ತನಕ ದೂರದ್ದನ್ನ ಹತ್ರ ಎಳಿತೈತ್ರಿ ಕಾಕಾ, ಆದ್ರ ಹಳೇದು. ಇದು ನಾನೂರು ಅಷ್ಟ, ಆದ್ರ ಸ್ಟೆಬಿಲೈಜೇಶನ್ ಐತಿ. ಕೈ ನಡುಗಿದ್ರೂ ಫೋಟೋ ಅಲುಗಾಡೂದಿಲ್ಲ.”

“ಅಪ್ಪಾ, ಇದನ್ನ ತಗೋ,” ಎಂದಳು ಕಲ್ಪನಾ ಮೆಲ್ಲಗೆ. “ಇತ್ತಿತ್ಲಾಗ ನಿನ್ನ ಕೈ...”

“ನನ್ನ ಕೈಗೇನಾಗೇತಿ? ಜೀವಮಾನಪೂರ್ತಿ ಲಾಳಿ ಹಿಡದ ಕೈ ಇದು!”

ಅವನ ದನಿಗೆ ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವನು ಹಳೆಯದನ್ನೇ ಕೊಂಡ.

ಕೆರೆಯ ದಂಡೆಯಲ್ಲಿ ಆ ಭಾರದ ಲೆನ್ಸ್ ಎತ್ತಿದಾಗ ಹೆಬ್ಬಾತುಗಳು ಅದರೊಳಗೆ ಕುಣಿದವು. ತೆಗೆದ ಫೋಟೋಗಳೆಲ್ಲ ಅಲುಗಿದ್ದವು. ಅದರಲ್ಲೇ ವಾಸಿ ಎನಿಸಿದ ಒಂದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಗೆಳೆಯನ ಮನೆಗೆ ಒಯ್ದ. ಖಾಸಿಂಸಾಬ ಅದನ್ನು ಕಿಟಕಿಯ ಬೆಳಕಿಗೆ ಹಿಡಿದ, ದೂರ ಹಿಡಿದ, ಮೂಗಿಗೆ ತಾಗಿಸಿ ನೋಡಿದ.

“ಪಟ್ಟಿ ಎಲ್ಲಿ ಅದಾವ?”

“ಅದಾವಲ್ಲ, ತಲಿ ಮ್ಯಾಲ,” ಎಂದುಬಿಟ್ಟ ಪ್ರಲ್ಹಾದ.

“ನನಗ ಬರೇ ಮಂಜು ಕಾಣಾಕತ್ತೇತಿ. ನನ್ನ ಕಣ್ಣು ಇಷ್ಟು ಹೋದ್ವು ಅಂತ ಗೊತ್ತ ಇದ್ದಿಲ್ಲ ನೋಡು.”

ಕೆಟ್ಟದ್ದು ನಿನ್ನ ಕಣ್ಣಲ್ಲ, ನನ್ನ ಕೈ ಎನ್ನಬೇಕಿತ್ತು. ಮಾತು ನಾಲಗೆಯ ತುದಿಗೆ ಬಂದಿತ್ತು. ಪ್ರಲ್ಹಾದ ಅದನ್ನು ಚಹಾದ ಜೊತೆ ನುಂಗಿದ.

ಬೇಸಿಗೆಯಲ್ಲಿ ಖಾಸಿಂಸಾಬನ ಹೆಂಡತಿ ಮೋತಿಬಿ ಪೇಟೆಯಲ್ಲಿ ಸಿಕ್ಕಳು. “ಹನಿ ಬಿಟ್ಕೊಳ್ಳೂದ ನಿಲ್ಲಿಸ್ಯಾರ ಪ್ರಲ್ಹಾದಣ್ಣಾ. ಹೋದ ಕಣ್ಣಿಗೆ ಔಷಧ ಯಾಕ ಅಂತಾರ. ನೀವರ ಹೇಳ್ರಿ.” ಅವನು ಓಡಿ ಹೋಗಿ ಹೇಳಿದ, ಬೇಡಿಕೊಂಡ, ಬೈದ. ನಿಜವೊಂದನ್ನು ಬಿಟ್ಟು ಎಲ್ಲ ಹೇಳಿದ. ಖಾಸಿಂಸಾಬ ನಕ್ಕ: “ಸಮಾಧಾನ ಮಾಡಾಕ ಬಂದೀ ಅಲ್ಲ?”

ಮರುವರ್ಷ ಕಲ್ಪನಾಳನ್ನು ತಾನಾಗಿಯೇ ಕರೆದುಕೊಂಡು ಹೋಗಿ ಅವಳು ಹೇಳಿದ ಲೆನ್ಸನ್ನೇ ತಂದ. ಹೆಬ್ಬಾತಿನ ಬಿಳಿ ತಲೆಯ ಮೇಲಿನ ಎರಡು ಕಪ್ಪು ಪಟ್ಟಿಗಳು ಕಾಡಿಗೆ ತೀಡಿದಂತೆ ಸ್ಪಷ್ಟವಾಗಿ ಬಂದವು. ಅಷ್ಟರಲ್ಲಿ ಖಾಸಿಂಸಾಬನಿಗೆ ಬಾಗಿಲು ಯಾವುದು, ಗೋಡೆ ಯಾವುದು ಎಂಬಷ್ಟೇ ಬೆಳಕು ಉಳಿದಿತ್ತು.

ಪ್ರಲ್ಹಾದ ಅವನ ಪಕ್ಕ ಕುಳಿತು ಎಲ್ಲ ಹೇಳಿದ. ಅಂಗಡಿಯ ಜಗಳ, ಅಲುಗಿದ ಫೋಟೋ, ನುಂಗಿದ ಮಾತು.

ಅಡುಗೆಮನೆಯಲ್ಲಿ ಮೋತಿಬಿ ಬಟ್ಟಲು ತೊಳೆಯುವ ಸದ್ದು ಕೇಳುತ್ತಿತ್ತು. ಖಾಸಿಂಸಾಬ ತಡಕಾಡಿ ಗೆಳೆಯನ ನಡುಗುವ ಕೈ ಹುಡುಕಿ ಹಿಡಿದ.

“ಆಕಿಗೆ ಮಾತ್ರ ಹೇಳಬ್ಯಾಡೋ,” ಎಂದ. “ನಿನ್ನನ್ನ ಒಳಗ ಬಿಡೂದಿಲ್ಲ.”