ಸೂರ್ಯನಿಗೆ ಮುಚ್ಚಳವಿಲ್ಲ

ಎರಕದ ಕಾರ್ಖಾನೆಯಲ್ಲಿ ಗುಜರಿ ಆರಿಸುವುದು ನನ್ನ ಕೆಲಸವಾಗಿತ್ತು. ಎರಡೂ ತುದಿ ಮುಚ್ಚಿದ ಪೈಪು ಸಿಕ್ಕರೆ ಉಳಿಯಿಟ್ಟು, ಸುತ್ತಿಗೆಯಿಂದ ಹೊಡೆದು, ತೂತು ಮಾಡಿಯೇ ಬುಟ್ಟಿಗೆ ಹಾಕಬೇಕು. ಒಳಗೆ ಒಂದು ಗುಟುಕು ನೀರಿದ್ದರೂ ಸಾಕು, ಕರಗಿದ ಕಬ್ಬಿಣಕ್ಕೆ ಬಿದ್ದ ಕೂಡಲೇ ಅದು ಆವಿಯಾಗಿ, ಹೊರಗೆ ಬರಲು ದಾರಿಯಿಲ್ಲದೆ ಬಾಂಬಿನ ಹಾಗೆ ಸಿಡಿಯುತ್ತದೆ. ಹನ್ನೊಂದು ವರ್ಷದಲ್ಲಿ ಒಂದೂ ನನ್ನ ಕೈ ತಪ್ಪಿಸಿಕೊಂಡು ಹೋಗಿರಲಿಲ್ಲ.

ಕುಲುಮೆಯ ಬಾಯಲ್ಲಿ ನಿಲ್ಲುತ್ತಿದ್ದವನು ನನ್ನ ಭಾವ. ಕಬ್ಬಿಣ ಕರಗಿಸುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ, ಹೆಂಡತಿಯನ್ನು ಹೊಡೆಯುವುದರಲ್ಲೂ ಅಷ್ಟೇ. ಮಧ್ಯಾಹ್ನ ಅಕ್ಕ ಊಟದ ಡಬ್ಬಿ ತಂದಾಗ ನಾನು ಮೊದಲು ಅವಳ ಮುಖ ನೋಡುತ್ತಿದ್ದೆ, ಇವತ್ತು ಯಾವ ಕಡೆ ಊದಿದೆ ಎಂದು.

ಒಂದು ದಿನ, ಕೆಲಸ ಮುಗಿಸಿ ನಾನು ಹೋಗುತ್ತಿದ್ದ ಸಂಜೆ ಶಾಲೆಯಲ್ಲಿ, ಮೇಷ್ಟ್ರು ಸೂರ್ಯನ ಪಾಠ ಮಾಡಿದರು.

“ಸೂರ್ಯ ನಿಮ್ಮ ಕುಲುಮೆ ಥರ ಉರಿಯೋದಿಲ್ಲಮ್ಮ. ತನ್ನ ಭಾರಕ್ಕೆ ತಾನೇ ಕುಗ್ಗಿ, ನಡುವೆ ಇರೋ ಜಲಜನಕಾನ ಹಿಂಡಿ ಹಾಕುತ್ತೆ. ಅದರ ನಾಲ್ಕು ಕಾಳು ಜಜ್ಜಿ ಒಂದಾಗುತ್ತೆ. ಆ ಒಂದರ ತೂಕ ನಾಲ್ಕಕ್ಕಿಂತ ಒಂಚೂರು ಕಡಿಮೆ. ಕಡಿಮೆಯಾದ ಆ ಚೂರೇ ಬೆಳಕು, ಶಾಖ ಎಲ್ಲ.”

ಆ ಬೆಳಕು ಒಳಗೇ ಡಿಕ್ಕಿ ಹೊಡೆಯುತ್ತ ಮೇಲಕ್ಕೆ ಬರಲು ಸಾವಿರಾರು ವರ್ಷ ಬೇಕಂತೆ. ಅಲ್ಲಿಂದ ನಮ್ಮ ಅಂಗಳಕ್ಕೆ ಎಂಟೇ ನಿಮಿಷ.

“ಅಷ್ಟು ಒತ್ತಡ ಇದ್ರೆ ಸಿಡೀಬೇಕಲ್ಲ ಸಾರ್?” ಎಂದೆ, ಪೈಪು ನೆನಪಾಗಿ.

“ಸೂರ್ಯನಿಗೆ ಮುಚ್ಚಳ ಇಲ್ಲಮ್ಮ. ಬಿಸಿ ಜಾಸ್ತಿಯಾದ್ರೆ ಉಬ್ಬುತ್ತೆ, ಉಬ್ಬಿದ್ರೆ ತಣಿಯುತ್ತೆ. ಅದಕ್ಕೇ ನೆಟ್ಟಗೆ ನಿಂತಿದೆ.”

ಮರುದಿನ ಬೆಳಿಗ್ಗೆ ಅಕ್ಕನ ಮನೆಗೆ ಹೋದರೆ ಅವಳ ಎರಡು ಹಲ್ಲು ಬಚ್ಚಲಲ್ಲಿ ಬಿದ್ದಿದ್ದವು.

“ಜಾರಿ ಬಿದ್ದೆ ಕಣೆ.”

“ದಿನಾ ಜಾರೋಕೆ ಮನೆ ತುಂಬ ಎಣ್ಣೆ ಚೆಲ್ಲಿದೀಯಾ?”

ಅವಳು ಬಾಯಿಗೆ ಬಟ್ಟೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು.

ಕೆಲಸಕ್ಕೆ ಕೂತ ಸ್ವಲ್ಪ ಹೊತ್ತಿಗೇ ಕೈಗೆ ಮುಚ್ಚಿದ ಪೈಪೊಂದು ಸಿಕ್ಕಿತು. ಅಲ್ಲಾಡಿಸಿದೆ. ಒಳಗೆ ನೀರು ಕುಲುಕಿತು. ಉಳಿ ಎತ್ತಲಿಲ್ಲ. ಹಾಗೆಯೇ ಬುಟ್ಟಿಗೆ ಹಾಕಿ ಮೇಲೆ ತಗಡಿನ ಚೂರು ಹರಡಿದೆ. ಬುಟ್ಟಿ ಕುಲುಮೆಯ ಕಡೆ ಹೋಯಿತು.

ಭಾವ ಒಂದೊಂದೇ ತುಂಡು ಎತ್ತಿ ಎಸೆಯುತ್ತಿದ್ದ. ನಾನು ಕಂಬ ಹಿಡಿದು ನೋಡುತ್ತಿದ್ದೆ. ಆಗ ಪಕ್ಕದ ಬಾಗಿಲಿಂದ ಅಕ್ಕ ಬಂದಳು. ಅವನು ಬೆಳಿಗ್ಗೆ ಏನೂ ತಿನ್ನದೆ ಹೋಗಿದ್ದನೆಂದು, ಒಡೆದ ಬಾಯಿಗೆ ಬಟ್ಟೆ ಕಟ್ಟಿಕೊಂಡೇ, ದಿನಕ್ಕಿಂತ ಬಹಳ ಮೊದಲೇ ಡಬ್ಬಿ ತಂದಿದ್ದಳು. ಸೀದಾ ಅವನ ಪಕ್ಕಕ್ಕೆ ನಡೆದಳು.

ಓಡಿದೆ. ಬುಟ್ಟಿಗೆ ಕೈ ಹಾಕಿ ಪೈಪನ್ನು ಎಳೆದೆ.

“ಏನೇ ಪಂಡಿತಮ್ಮ, ಕೊಟ್ಟಿದ್ದನ್ನ ವಾಪಸ್ ಕಿತ್ಕೊಳ್ತೀಯಾ?”

“ತೂತು ಹೊಡೆದಿಲ್ಲ ಭಾವ, ಬಿಡಿ! ಒಳಗೆ ನೀರಿದೆ!”

ಕೈಯಲ್ಲಿದ್ದ ಸಲಾಕೆಯಿಂದ ಅವನು ನನ್ನ ಮೊಣಕೈಗೆ ಬಾರಿಸಿದ. ಮೂಳೆ ಮುರಿದ ಸದ್ದು ನನಗೇ ಕೇಳಿಸಿತು.

“ತೂತಂತೆ ತೂತು! ನಾಲ್ಕಕ್ಷರ ಕಲಿತು ನನಗೇ ಪಾಠ ಹೇಳ್ತಾಳೆ!” ಪೈಪು ಕಸಿದು ಕುಲುಮೆಗೆ ಎಸೆದ.

ನಾನು ಅಕ್ಕನನ್ನು ಕೆಡವಿ ಅವಳ ಮೇಲೆ ಬಿದ್ದೆ. ನೆಲವೇ ನಮ್ಮನ್ನು ಎತ್ತಿ ಒಗೆಯಿತು. ಕರಗಿದ ಕಬ್ಬಿಣ ಛಾವಣಿಗೆ ಬಡಿದು ಸುರಿಯಿತು. ನನ್ನ ಬೆನ್ನಿನ ಚರ್ಮ ಬಟ್ಟೆಗೆ ಅಂಟಿ ಸುಲಿದು ಬಂತು. ಭಾವ ಮುಖವಿದ್ದ ಜಾಗಕ್ಕೆ ಕೈ ಒತ್ತಿಕೊಂಡು ಎರಡು ಹೆಜ್ಜೆ ನಡೆದ. ಮೂರನೆಯದನ್ನು ಇಡಲಿಲ್ಲ.

ಅವನೇ ಎಸೆದದ್ದನ್ನು ಎಲ್ಲರೂ ನೋಡಿದ್ದರು. ಕೇಳಿದವರಿಗೆ ನಾನು, “ತೂತು ಹೊಡೆಯೋದು ಮರೆತೆ, ನೆನಪಾಗಿ ಓಡಿದೆ” ಎಂದೆ. ಮುರಿದ ಕೈ ನೋಡಿ ನಂಬಿದರು. ಅಕ್ಕ ಬರದಿದ್ದರೆ ಓಡುತ್ತಿದ್ದೆನೇ ಎಂದು ಕೇಳಿದವರಿಲ್ಲ.

ಮೊನ್ನೆ ಅಕ್ಕ ನನ್ನ ಬೆನ್ನಿನ ಕಲೆಗೆ ಮುಲಾಮು ಹಚ್ಚುತ್ತಿದ್ದಳು. ಮೂವತ್ತು ವರ್ಷದಿಂದ ಅವಳೇ ಹಚ್ಚುವುದು.

“ಅಕ್ಕ, ಅವತ್ತು ಆ ಪೈಪನ್ನ ನಾನು ಮರೆತಿರಲಿಲ್ಲ.”

ಅವಳ ಕೈ ನಿಂತಿತು. ಆಮೇಲೆ ಬೆನ್ನಿಗೆ ಫಟಾರನೆ ಒಂದು ಏಟು ಬಿತ್ತು.

“ನೀನು ಮರೆಯೋಳಲ್ಲ ಅಂತ ಆಸ್ಪತ್ರೇಲೇ ಗೊತ್ತಾಯ್ತು ನಂಗೆ. ಅದನ್ನ ಹೇಳೋಕೆ ಮೂವತ್ತು ವರ್ಷ ತಗೊಂಡ್ಯಾ?” ಇನ್ನೊಂದು ಏಟು. “ಅವತ್ತು ಊಟ ತರಬೇಡ ಅಂತ ಒಂದು ಮಾತು ಹೇಳೋಕೆ ನಿನಗೇನು ರೋಗ ಬಂದಿತ್ತು?”

ಮುಲಾಮಿನ ಡಬ್ಬಿಗೆ ಮತ್ತೆ ಬೆರಳು ಹಾಕಿದಳು.