ರೋಸಾ ಹೊಲಿದ ಬಾವುಟ

ಅಮೆರಿಕದ ಅಂತರ್ಯುದ್ಧ ಮುಗಿದು ನೂರೆಂಟು ವರ್ಷಗಳಾದ ಮೇಲೆ, 1973ರ ಜೂನ್ ತಿಂಗಳ ಒಂದು ಶನಿವಾರ, ಮೈಸೂರಿನ ಬದರಿ ಉತ್ತರದವರ ಸೈನ್ಯ ಸೇರಿದ.

ಸೇರಿಸಿದವನು ಅಮೆರಿಕದ ಕೆಂಡಲ್ ಪಾರ್ಕ್ ಊರಿನಲ್ಲಿ ಅವನ ಪಕ್ಕದ ಮನೆಯ ಟೋನಿ. ವಾರವೆಲ್ಲ ಕಾರು ರಿಪೇರಿ ಮಾಡುವ ಟೋನಿ ವರ್ಷಕ್ಕೊಂದು ದಿನ ನೀಲಿ ಕೋಟು ತೊಟ್ಟು ಕ್ಯಾಪ್ಟನ್ ಆಗುತ್ತಿದ್ದ. ಬಾಸ್ಕಿಂಗ್ ರಿಡ್ಜ್ ಹತ್ತಿರದ ಹೊಲವೊಂದರಲ್ಲಿ ಎರಡು ಕ್ಲಬ್ಬಿನವರು ಆ ಹಳೆಯ ಯುದ್ಧವನ್ನು ಮತ್ತೆ ಆಡುತ್ತಿದ್ದರು. ಉತ್ತರದವರಿಗೆ ನೀಲಿ, ದಕ್ಷಿಣದವರಿಗೆ ಬೂದು. ಬಂದೂಕಿನಲ್ಲಿ ಮದ್ದು ಮಾತ್ರ, ಗುಂಡಿಲ್ಲ. ಈ ಸಲ ಟೋನಿಯ ಕಡೆ ಒಬ್ಬ ಸೈನಿಕನಿಗೆ ಮಂಗನಬಾವು ಬಂದು ಜಾಗ ಖಾಲಿಯಾಗಿತ್ತು.

"ನೀನೇನೂ ಕಲೀಬೇಕಾಗಿಲ್ಲ," ಎಂದಿದ್ದ ಟೋನಿ. "ನಡಿ ಅಂದಾಗ ನಡಿ, ಸಾಯಿ ಅಂದಾಗ ಸಾಯಿ."

"ಆಫೀಸಿನಲ್ಲೂ ಅದನ್ನೇ ಮಾಡ್ತೀನಿ."

ವಿಷಯ ಅಷ್ಟೇ ಆಗಿದ್ದರೆ ಬದರಿ ನಕ್ಕು ಸುಮ್ಮನಾಗುತ್ತಿದ್ದ. ಆದರೆ ನೀಲಿ ಪಡೆಯ ಬಾವುಟವನ್ನು ಹೊಲಿದವಳು ಟೋನಿಯ ಹೆಂಡತಿ ರೋಸಾ. ಅವಳು ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಎರಡು ವರ್ಷದಿಂದ ಬೂದು ಪಡೆಯವರು ಆ ಬಾವುಟವನ್ನು ಗೆದ್ದು ಇಟ್ಟುಕೊಂಡಿದ್ದರು. ಮೂರನೆಯ ಸಲವೂ ಗೆದ್ದರೆ ಅದು ಎಂದೆಂದಿಗೂ ಅವರದು, ಒಪ್ಪಂದವೇ ಹಾಗೆ. ಹನ್ನೆರಡರ ಸೀಟಿಯೊಳಗೆ ಅದನ್ನು ಅವರ ಬಿಡಾರದಿಂದ ಕಿತ್ತು ತಂದು ಹೊಲದ ಈಚೆಯ ಕಲ್ಲುಗೋಡೆ ದಾಟಿಸಬೇಕು. ಟೋನಿ ಇದಿಷ್ಟನ್ನೂ ಹೇಳಿದ್ದು ಬದರಿಯ ಕಾರಿನ ಅಡಿಯಲ್ಲಿ ಮಲಗಿಕೊಂಡು, ಮುಖ ಕಾಣದ ಹಾಗೆ. ಬದರಿ ಒಪ್ಪಿದ್ದು ಅದಕ್ಕೇ.

ಬದರಿಯ ಉಣ್ಣೆಯ ಕೋಟನ್ನು ಹಿಂದಿನ ದಿನ ಅವನ ಹೆಂಡತಿ ಪಂಕಜಾ ಪಿನ್ನು ಚುಚ್ಚಿ ಚಿಕ್ಕದು ಮಾಡಿದ್ದಳು. "ರೀ, ಇದ್ರೊಳಗೆ ನಿಮ್ಮಂಥೋರು ಇಬ್ರು ಹಿಡೀತಾರೆ. ಒಬ್ರು ಸತ್ರೂ ಇನ್ನೊಬ್ರು ಮನೆಗೆ ಬರಬಹುದು."

"ಅವಲಕ್ಕಿ ಜಾಸ್ತಿ ಕಟ್ಟು. ಅಲ್ಲಿ ಕೊಡೋದು ಕಲ್ಲಿನಂಥ ಬಿಸ್ಕತ್ತು, ಹಂದಿಮಾಂಸ."

ಹತ್ತು ಗಂಟೆಗೆ ಯುದ್ಧ ಶುರುವಾಯಿತು. ಪಂಕಜಾ ಗೋಡೆಯ ಹತ್ತಿರ ನೋಡುವವರ ನಡುವೆ ಜಮಖಾನ ಹಾಸಿ ಕೂತಳು. ಹೊಗೆ ಎದ್ದಿತು, ತಮಟೆ ಮೊಳಗಿತು, ಗುಂಡು ತಗುಲಿತೆಂದು ಬಗೆದವರು ಬಿದ್ದು ಅಲ್ಲಲ್ಲೇ ಮಲಗಿದರು. ಹನ್ನೊಂದೂವರೆಯ ಹೊತ್ತಿಗೆ ನೀಲಿ ಪಡೆಯಲ್ಲಿ ಬದುಕಿದ್ದವರು ಏಳೇ ಜನ.

"ನಾವು ಆರು ಜನ ಎಡಗಡೆಯಿಂದ ಕೂಗಾಡ್ತಾ ನುಗ್ತೀವಿ," ಎಂದ ಟೋನಿ. "ನೀನು ಬಲಗಡೆ ಜೋಳದ ಗಿಡಗಳ ಮರೆಯಲ್ಲಿ ಹೋಗು. ಓಡೋಕೆ ಬರುತ್ತಾ?"

"ಕಾಲೇಜಿನಲ್ಲಿ ಖೊ ಖೊ ಆಡ್ತಿದ್ದೆ."

"ಅದೇನದು?"

"ನೋಡ್ತಿರು."

ಜೋಳ ಇನ್ನೂ ಮೊಣಕಾಲೆತ್ತರವಿತ್ತು. ಬದರಿ ಅಂಬೆಗಾಲಿಡುತ್ತ ಹೋದ. ಬೆವರಿನಲ್ಲಿ ಕೋಟು ನೆನೆದು ಬೆನ್ನಿಗೆ ಅಂಟಿತು, ಒಂದು ಪಿನ್ನು ಪಕ್ಕೆಗೆ ಚುಚ್ಚಿತು. ಬಿಡಾರದ ಮುಂದೆ ಇಬ್ಬರು ಕಾವಲುಗಾರರು ಎಡಗಡೆಯ ಗಲಾಟೆ ನೋಡುತ್ತ ಸ್ಯಾಂಡ್‌ವಿಚ್ ತಿನ್ನುತ್ತಿದ್ದರು. ಅವರ ಹಿಂದಿನಿಂದ ಎದ್ದ ಬದರಿ ಕೋಲಿನ ಸಮೇತ ಬಾವುಟ ಕಿತ್ತು ಓಟ ಕಿತ್ತ.

ಬೆನ್ನಟ್ಟಿದವರು ಎಂಟು ಜನ. ಅವರು ನೇರ ಓಡಬಲ್ಲವರು. ಬದರಿ ನೇರ ಓಡಲೇ ಇಲ್ಲ. ಬೇಲಿಯ ಗೂಟವನ್ನು ಒಂದು ಕೈಯಲ್ಲಿ ಹಿಡಿದು ಗರ್ರನೆ ತಿರುಗಿದ, ಇಬ್ಬರು ಮುಂದಕ್ಕೆ ಮುಗ್ಗರಿಸಿದರು. ಎಡಕ್ಕೆ ಬಾಗಿ ಬಲಕ್ಕೆ ಹಾರಿದ, ಮೂರನೆಯವನ ಕೈಗೆ ಗಾಳಿ ಸಿಕ್ಕಿತು. ಗೋಡೆ ಹತ್ತಿರವಾಯಿತು. ಪಂಕಜಾ ಎದ್ದು ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, "ಓಡ್ರೀ, ಓಡ್ರೀ" ಎನ್ನುತ್ತಿದ್ದುದು ಕೇಳಿಸಿತು.

ಇನ್ನು ಹತ್ತು ಹೆಜ್ಜೆ. ಹುಲ್ಲಿನಲ್ಲಿ ಸತ್ತು ಮಲಗಿದ್ದ ನರೆಗಡ್ಡದವನೊಬ್ಬನ ಭುಜಕ್ಕೆ ಬದರಿಯ ಬೂಟು ತಾಗಿತು.

ಯೋಚಿಸಿದ್ದರೆ ಗೋಡೆ ದಾಟುತ್ತಿದ್ದನೇನೋ. ಯೋಚನೆಗೆ ಮೊದಲೇ ಮೈ ತಿರುಗಿತ್ತು. ಎರಡು ಹೆಜ್ಜೆ ಹಿಂದೆ ಬಂದು, ಬಗ್ಗಿ, ಆ ಭುಜ ಮುಟ್ಟಿ ಕೈಯನ್ನು ಕಣ್ಣಿಗೊತ್ತಿಕೊಂಡ. ಕೈ ಕಣ್ಣಿನಿಂದ ತೆಗೆಯುವಷ್ಟರಲ್ಲಿ ನಾಲ್ಕು ಬೂದು ತೋಳುಗಳು ಅವನನ್ನು ಹಿಡಿದಿದ್ದವು. ಹನ್ನೆರಡರ ಸೀಟಿ ಮೊಳಗಿತು.

ಟೋನಿ ಬಯ್ಯಲಿಲ್ಲ. ಟೋಪಿ ತೆಗೆದು ಒಳಗೆ ನೋಡುತ್ತ ನಿಂತ. ಬಯ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಬದರಿಗೆ.

ಸತ್ತಿದ್ದವನು ಎದ್ದು ಹುಲ್ಲು ಕೊಡವಿಕೊಂಡ. ಬೂದು ಪಡೆಯ ಕ್ಯಾಪ್ಟನ್ ಹೆಂಡ್ರಿಕ್ಸನ್, ಎಡಿಸನ್ ಊರಿನ ದಂತವೈದ್ಯ.

"ಏನು ಮಾಡಿದೆ ನೀನು? ನನ್ನ ಜೇಬಿಗೆ ಕೈ ಹಾಕ್ತೀಯ ಅಂದ್ಕೊಂಡೆ."

"ಕಾಲು ತಾಗಿತು. ನಮ್ಮಲ್ಲಿ ಹಾಗೆ ತಾಗಿದರೆ ಮುಟ್ಟಿ ನಮಸ್ಕಾರ ಮಾಡ್ತೀವಿ."

"ಸತ್ತವರಿಗೂ?"

"ನೀವು ಉಸಿರಾಡ್ತಿದ್ರಿ."

ಹೆಂಡ್ರಿಕ್ಸನ್ ಗಡ್ಡ ಕೆರೆದುಕೊಂಡ. "ಹತ್ತು ವರ್ಷದಿಂದ ಸಾಯ್ತಿದ್ದೀನಿ. ಎಷ್ಟು ಜನ ತುಳಿದು ಹೋದರೋ. ಯಾರೂ ವಾಪಸ್ ಬಂದಿರಲಿಲ್ಲ."

ಬದರಿಗೆ ಸಲಿಗೆ ಸಿಕ್ಕಂತಾಯಿತು. "ಹಾಗಾದರೆ ಬಾವುಟ ಟೋನಿಗೆ ಕೊಟ್ಟುಬಿಡಿ. ಸೋತದ್ದು ನನ್ನಿಂದ. ಹೊಲಿದದ್ದು ಅವನ ಹೆಂಡತಿ, ಈಗ ಅವರಿಲ್ಲ."

"ನನಗೆ ಯಾರೂ ಹೇಳಲಿಲ್ಲವಲ್ಲ," ಎಂದ ಹೆಂಡ್ರಿಕ್ಸನ್. ಟೋನಿ ಇನ್ನೂ ಟೋಪಿಯೊಳಗೇ ನೋಡುತ್ತಿದ್ದ. "ಸುಮ್ಮನೆ ಕೊಟ್ಟರೆ ನನ್ನ ಹುಡುಗರು ಬಿಡಲ್ಲ. ಬದಲಿಗೆ ನೀನು ಬಾ. ಮುಂದಿನ ವರ್ಷ ನಮ್ಮ ಕಡೆ ಓಡು."

ಬದರಿ ಬೂದು ಕೋಟುಗಳನ್ನು ನೋಡಿದ. "ಗುಲಾಮರನ್ನು ಇಟ್ಟುಕೊಂಡವರ ಕಡೆಗಾ? ನನಗೆ ಹಿಡಿಸಲ್ಲ."

"ನನಗೂ ಹಿಡಿಸಲ್ಲ. ಆದರೆ ಎಲ್ಲರೂ ನೀಲಿಯನ್ನೇ ತೊಟ್ಟರೆ ಯುದ್ಧ ಆಡೋದು ಯಾರ ಜೊತೆ?"

"ಬೇಡ, ಬದರಿ," ಎಂದ ಟೋನಿ. ಆದರೆ ಬಾವುಟದಿಂದ ಕಣ್ಣು ತೆಗೆಯಲಿಲ್ಲ.

"ಒಂದೇ ವರ್ಷ," ಎಂದ ಬದರಿ ಹೆಂಡ್ರಿಕ್ಸನ್‌ಗೆ. "ಕೋಟು ನನ್ನ ಅಳತೆಯದಾಗಿರಬೇಕು."

ಕಾರಿನಲ್ಲಿ ಪಂಕಜಾ ಹಿಂದಿನ ಸೀಟಿನಿಂದ ಬಗ್ಗಿ ಕೇಳಿದಳು: "ನಾಳೆ ಊರಿಗೆ ಕಾಗದ ಬರೀಬೇಕು. ಏನಂತ ಬರೀಲಿ? ನಮ್ಮೆಜಮಾನ್ರು ಒಂದೇ ದಿನದಲ್ಲಿ ಸೈನ್ಯ ಸೇರಿ, ಸೋತು, ಶತ್ರುಗಳ ಕಡೆ ಹೋದ್ರು ಅಂತಾನ?"

"ಸೋತಿದ್ದು ಬರೀಬೇಡ."

ಟೋನಿ ಕೀಲಿ ತಿರುಗಿಸದೆ ಕೂತಿದ್ದ. ಬಾವುಟ ಅವನ ತೊಡೆಯ ಮೇಲಿತ್ತು. "ಈ ನಕ್ಷತ್ರ ನೋಡು," ಎಂದು ಹೆಬ್ಬೆರಳಿಟ್ಟು ತೋರಿಸಿದ. "ಐದಿರಬೇಕಾದಲ್ಲಿ ಆರು ಮೂಲೆ ಬಂದಿದೆ. ಬಿಚ್ಚಿ ಹೊಲಿ ಅಂತ ಎಷ್ಟು ಹೇಳಿದೆ. ಬಿಚ್ಚಲೇ ಇಲ್ಲ."

ಆಮೇಲೆ ಬಾವುಟ ಮಡಚಿ, ಹಿಂದಿನ ಸೀಟಿಗೆ ಕೊಡದೆ, ತೊಡೆಯ ಮೇಲೇ ಇಟ್ಟುಕೊಂಡು ಕಾರು ಹೊರಡಿಸಿದ.